ತೀರ್ಪನ್ನು ತಿದ್ದುವ ತೀರ್ಪು

ಕಲಾಶಾಲೆಯ ವಿದ್ಯಾರ್ಥಿಯೊಬ್ಬನು ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕರು ನಕ್ಕರೆ ನಾನು ಬೇಸರಪಡುವುದಿಲ್ಲ. ನಾನು ಕಾನೂನನ್ನು ಓದಿದವನಲ್ಲ. ರಾಜ್ಯಶಾಸ್ತ್ರದ ತರಗತಿಯಲ್ಲಿ ಸಂವಿಧಾನದ ಪಾಠಗಳನ್ನು ಕೇಳಿದ್ದೇನೆ, ಆಮೇಲೆ ಅಧ್ಯಾಪಕರನ್ನು ಪೀಡಿಸಿ ಕೆಲವು ತೀರ್ಪುಗಳನ್ನು ತರಿಸಿಕೊಂಡು, ತಿಳಿದಷ್ಟನ್ನು ಓದಿಕೊಂಡಿದ್ದೇನೆ, ಅಷ್ಟೆ. ಆದರೆ ಈ ವಿಷಯವು ನನಗೆ ಪುಸ್ತಕದಿಂದ ಬಂದುದಲ್ಲ, ನಮ್ಮ ಮನೆಯ ಬಾಗಿಲಿಗೇ ಬಂದುದು.

ನನ್ನ ತಂದೆಯವರು ಒಂದು ಖಾಸಗಿ ವಿದ್ಯಾಸಂಸ್ಥೆಯ ಬಸ್ಸಿನ ಚಾಲಕರಾಗಿ ೧೪ ವರ್ಷ ದುಡಿದರು. ೨೦೧೮ರಲ್ಲಿ ಸಂಸ್ಥೆಯವರು ಬಸ್ಸುಗಳನ್ನೆಲ್ಲ ಗುತ್ತಿಗೆದಾರನೊಬ್ಬನಿಗೆ ಒಪ್ಪಿಸಿ, ತಂದೆಯವರನ್ನೂ ಇನ್ನಿಬ್ಬರು ಚಾಲಕರನ್ನೂ ಒಂದು ತಿಂಗಳ ಸಂಬಳವನ್ನು ಕೈಗಿತ್ತು ಕಳುಹಿಸಿಬಿಟ್ಟರು. ಆಗ ಜಾರಿಯಲ್ಲಿದ್ದ ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಯಂತೆ, ಕೆಲಸ ಸಾಲದೆಂದು ನೌಕರನನ್ನು ತೆಗೆಯುವ ಮಾಲೀಕನು ಅವನು ದುಡಿದ ಪ್ರತಿ ವರ್ಷಕ್ಕೂ ೧೫ ದಿನಗಳ ಸಂಬಳವನ್ನು ಪರಿಹಾರವಾಗಿ ಕೊಡಬೇಕು. ೧೪ ವರ್ಷಕ್ಕೆ ೨೧೦ ದಿನ. ಎಂದರೆ ಏಳು ತಿಂಗಳ ಸಂಬಳ. ಅದನ್ನು ಕೇಳಿದಾಗ ಸಂಸ್ಥೆಯವರು ಕೊಟ್ಟ ಉತ್ತರ: “ನಮ್ಮದು ವಿದ್ಯಾಸಂಸ್ಥೆ, ಕಾರ್ಖಾನೆಯಲ್ಲ. ಆ ಕಾಯಿದೆ ನಮಗೆ ಸಂಬಂಧಪಟ್ಟುದಲ್ಲ.”

ತಂದೆಯವರು ಈ ಮಾತನ್ನು ನಂಬಿ ಸುಮ್ಮನಾಗಿದ್ದರು. ವಿದ್ಯೆಯ ಮನೆಯನ್ನು ಕಾರ್ಖಾನೆಯೆನ್ನುವುದು ಅವರ ಬಾಯಿಗೂ ಬರುವ ಮಾತಲ್ಲ. ಕಾರ್ಮಿಕರ ಮೊಕದ್ದಮೆಗಳನ್ನು ನಡೆಸುವ ಹಿರಿಯ ವಕೀಲರೊಬ್ಬರು ಮಾತ್ರ ಕಾಗದಗಳನ್ನು ನೋಡಿ ನಕ್ಕರು. “ಡ್ರೈವರ್ರೇ, ಅವರು ಹೇಳುವುದು ೧೯೬೩ರ ಮಾತು. ಆಗ ಸುಪ್ರೀಂ ಕೋರ್ಟು ಹಾಗೆಯೇ ಹೇಳಿತ್ತು. ೧೯೭೮ರಲ್ಲಿ ನಮ್ಮ ಬೆಂಗಳೂರಿನ ನೀರಿನ ಬೋರ್ಡಿನ ಕೇಸಿನಲ್ಲಿ ಅದೇ ಕೋರ್ಟು ಅದನ್ನು ಅಳಿಸಿಹಾಕಿತು. ಅರ್ಜಿ ಹಾಕೋಣ, ಬನ್ನಿ” ಎಂದರು. ಮೊಕದ್ದಮೆ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಕಾರ್ಮಿಕ ಅಧಿಕಾರಿಗಳ ಎದುರಿನಲ್ಲಿಯೇ ರಾಜಿಯಾಗಿ ಏಳು ತಿಂಗಳ ಬದಲು ಐದು ತಿಂಗಳ ಸಂಬಳ ಕೈಸೇರಿತು. ಅಕ್ಕನ ಕಾಲೇಜಿನ ಫೀಜು ಆ ವರ್ಷ ಅದರಿಂದಲೇ ಸಂದಿತು.

ನಾನಾಗ ಆರನೆಯ ತರಗತಿಯಲ್ಲಿದ್ದೆ. ವಕೀಲರ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ದೇಶಕ್ಕೆಲ್ಲ ಹಿರಿದಾದ ನ್ಯಾಯಾಲಯವು ಒಮ್ಮೆ ಒಂದು ಮಾತನ್ನು ಹೇಳಿ, ೧೫ ವರ್ಷಗಳಾದ ಮೇಲೆ ಅದು ತಪ್ಪೆಂದು ಹೇಳಬಹುದೆ? ಹೇಳಬಹುದಾದರೆ, ನಡುವಿನ ಆ ೧೫ ವರ್ಷಗಳಲ್ಲಿ ಕೆಲಸ ಕಳೆದುಕೊಂಡವರ ಗತಿಯೇನು? ಇಂದು ನಮಗೆ ಅನುಕೂಲವಾದ ಮಾತು ನಾಳೆಗೂ ಉಳಿಯುವುದೆಂಬ ಭರವಸೆ ಎಲ್ಲಿದೆ? ಹೇಳಬಾರದಾದರೆ, ನಮ್ಮ ತಂದೆಗೆ ಆ ಐದು ತಿಂಗಳ ಸಂಬಳ ಬರುತ್ತಿರಲಿಲ್ಲ. ಈ ಲೇಖನ ಹುಟ್ಟಿದುದು ಈ ಗೊಂದಲದಿಂದ.

ಕೆಳಗಿನ ನ್ಯಾಯಾಲಯಗಳ ಮಟ್ಟಿಗೆ ತೊಡಕೇನೂ ಇಲ್ಲ. ನಮ್ಮ ಸಂವಿಧಾನದ ೧೪೧ನೆಯ ಅನುಚ್ಛೇದದಂತೆ ಸುಪ್ರೀಂ ಕೋರ್ಟು ಸಾರಿದ ಕಾನೂನಿಗೆ ಭಾರತದೊಳಗಿನ ಎಲ್ಲ ನ್ಯಾಯಾಲಯಗಳೂ ಬದ್ಧವಾಗಿರತಕ್ಕುದು. ತೊಡಕಿರುವುದು ಈ ‘ಎಲ್ಲ’ ಎಂಬ ಮಾತಿನಲ್ಲಿ. ಸುಪ್ರೀಂ ಕೋರ್ಟೂ ಭಾರತದೊಳಗಿನ ಒಂದು ನ್ಯಾಯಾಲಯವೇ ಅಲ್ಲವೆ? ಇಂಗ್ಲೆಂಡಿನಲ್ಲಿ ಹೌಸ್ ಆಫ್ ಲಾರ್ಡ್ಸ್ ೧೮೯೮ರಲ್ಲಿ, ತಾನು ತನ್ನ ತೀರ್ಪಿಗೆ ತಾನೇ ಕಟ್ಟುಬಿದ್ದಿರುವುದಾಗಿಯೂ, ತಪ್ಪಿದ್ದರೆ ಪಾರ್ಲಿಮೆಂಟು ತಿದ್ದಿಕೊಳ್ಳಲೆಂದೂ ನಿರ್ಣಯಿಸಿತು. ಆ ಕಟ್ಟನ್ನು ಅದು ಬಿಚ್ಚಿಕೊಂಡುದು ೧೯೬೬ರ ಜುಲೈ ತಿಂಗಳಿನಲ್ಲಿ. ನಮ್ಮ ಕೋರ್ಟು ಅಷ್ಟು ಕಾಯಲಿಲ್ಲ. ಹುಟ್ಟಿದ ಐದೇ ವರ್ಷಗಳಲ್ಲಿ, ೧೯೫೫ರ ಬೆಂಗಾಲ್ ಇಮ್ಯೂನಿಟಿ ಕಂಪನಿಯ ಮೊಕದ್ದಮೆಯಲ್ಲಿ, ೧೪೧ನೆಯ ಅನುಚ್ಛೇದದ ‘ಎಲ್ಲ ನ್ಯಾಯಾಲಯಗಳು’ ಎಂಬುದರಲ್ಲಿ ತಾನು ಸೇರಿಲ್ಲವೆಂದು ಸಾರಿ, ಎರಡೇ ವರ್ಷ ಹಳೆಯದಾಗಿದ್ದ ತನ್ನ ತೀರ್ಪೊಂದನ್ನು ತೆಗೆದುಹಾಕಿತು.

ಆ ಕಥೆಯನ್ನು ಸ್ವಲ್ಪ ಹೇಳಬೇಕು. ಒಂದು ರಾಜ್ಯದ ವ್ಯಾಪಾರಿಯು ಇನ್ನೊಂದು ರಾಜ್ಯಕ್ಕೆ ಸರಕು ಕಳುಹಿಸಿದರೆ ಮಾರಾಟ ತೆರಿಗೆಯನ್ನು ಹಾಕುವವರು ಯಾರು? ಸರಕು ತಲಪಿ ಬಳಕೆಯಾಗುವ ರಾಜ್ಯವು ಹಾಕಬಹುದೆಂದು ೧೯೫೩ರಲ್ಲಿ ಐವರು ನ್ಯಾಯಾಧೀಶರ ಪೀಠದ ಬಹುಮತವು ಹೇಳಿತು. ರಾಜ್ಯಗಳು ಅದನ್ನು ನಂಬಿ ತೆರಿಗೆ ವಸೂಲು ಮಾಡತೊಡಗಿದವು. ಕಲ್ಕತ್ತೆಯಲ್ಲಿ ಔಷಧದ ಸೀರಂ, ಲಸಿಕೆಗಳನ್ನು ತಯಾರಿಸುತ್ತಿದ್ದ ಈ ಕಂಪನಿಯನ್ನು ಬಿಹಾರ ಸರ್ಕಾರ ತೆರಿಗೆ ಕೇಳಿತು. ೧೯೫೫ರ ಸೆಪ್ಟೆಂಬರ್ ೬ರಂದು ಏಳು ಮಂದಿಯ ಪೀಠವು ನಾಲ್ಕಕ್ಕೆ ಮೂರರ ಬಹುಮತದಿಂದ, ಪಾರ್ಲಿಮೆಂಟು ಅನುಮತಿಯಿತ್ತ ಹೊರತು ಅಂತರರಾಜ್ಯ ವ್ಯಾಪಾರಕ್ಕೆ ಯಾವ ರಾಜ್ಯವೂ ತೆರಿಗೆ ಹಾಕಕೂಡದೆಂದಿತು. ಬಹುಮತದ ತೀರ್ಪನ್ನು ಬರೆದವರು ಆಗ ಮುಖ್ಯ ನ್ಯಾಯಾಧೀಶರ ಸ್ಥಾನದಲ್ಲಿದ್ದ ಶ್ರೀ ಎಸ್. ಆರ್. ದಾಸರು. ಹಾಗಾದರೆ ವಸೂಲಾದ ಹಣ? ರಾಜ್ಯಗಳ ಬೊಕ್ಕಸದಿಂದ ಅದನ್ನೆಲ್ಲ ಹಿಂದಕ್ಕೆ ಕಕ್ಕಿಸುವ ಕಷ್ಟವನ್ನು ತಪ್ಪಿಸಲು ಪಾರ್ಲಿಮೆಂಟು ೧೯೫೬ರಲ್ಲಿ ಒಂದು ಕಾಯಿದೆಯನ್ನು ಮಾಡಿ, ಆ ತೀರ್ಪಿನ ದಿನದವರೆಗಿನ ತೆರಿಗೆಯನ್ನು ಸಕ್ರಮಗೊಳಿಸಬೇಕಾಯಿತು. ಸಂವಿಧಾನಕ್ಕೂ ಅದೇ ವರ್ಷ ಆರನೆಯ ತಿದ್ದುಪಡಿ ಬಂದಿತು.

ಬದಲಿಸುವ ಅಧಿಕಾರವುಂಟೆಂಬುದು ಹೀಗೆ ಅಂದೇ ನಿಶ್ಚಯವಾಯಿತು. ಆದರೆ ಅಧಿಕಾರವಿರುವುದು ಬೇರೆ, ಅದನ್ನು ಯಾವಾಗ ಬಳಸತಕ್ಕುದೆಂಬುದು ಬೇರೆ. ನಮ್ಮ ಸಂತೆಯಲ್ಲಿ ಹಿಂದೆ ಸೇರಿನಿಂದ ಅಳೆಯುತ್ತಿದ್ದರಷ್ಟೆ. ಸೇರು ಒಂದಿಷ್ಟು ಕಿರಿದಾಗಿದ್ದರೂ ಎಲ್ಲರಿಗೂ ಅದೇ ಸೇರಾದರೆ ವ್ಯಾಪಾರ ನಡೆದೀತು. ಕೊಳ್ಳುವವನು ಅದಕ್ಕೆ ತಕ್ಕಂತೆ ಬೆಲೆ ಹೇಳಿಯಾನು. ಬೆಳಿಗ್ಗೆ ಒಂದು ಸೇರು, ಸಂಜೆಗೆ ಒಂದು ಸೇರು ಹಿಡಿದು ನಿಂತರೆ, ಎರಡನೆಯದು ಸರಿಯಾದ ಸೇರೇ ಆಗಿದ್ದರೂ ಅಂಗಡಿಯನ್ನು ಯಾರೂ ನಂಬುವುದಿಲ್ಲ. ಕೋರ್ಟಿನ ತೀರ್ಪನ್ನು ನೆಚ್ಚಿ ಜನರು ಕರಾರು ಮಾಡಿಕೊಳ್ಳುತ್ತಾರೆ, ಹೊಲ ಮಾರುತ್ತಾರೆ, ಉಯಿಲು ಬರೆಯುತ್ತಾರೆ. ಇಂಥ ಕಡೆ ಹಳೆಯ ತೀರ್ಪು ಸ್ವಲ್ಪ ಡೊಂಕಾಗಿದ್ದರೂ ಹಾಗೆಯೇ ಇರಲಿ ಎನ್ನುವುದೇ ಜಾಣತನ.

ಈ ಜಾಣತನಕ್ಕೆ ಮಾತಿನ ರೂಪವನ್ನು ಕೊಟ್ಟುದು ೧೯೬೫ರ ಕೇಶವ ಮಿಲ್ಸ್ ಮೊಕದ್ದಮೆ. ಆದಾಯ ತೆರಿಗೆಯ ಅರ್ಜಿಯೊಂದರಲ್ಲಿ ಹೈಕೋರ್ಟು ಹೊಸ ಸಾಕ್ಷ್ಯವನ್ನು ಕೂಡಿಸಿಕೊಳ್ಳುವಂತೆ ಹೇಳಬಹುದೆ ಎಂಬ ಒಣ ಪ್ರಶ್ನೆ ಅದು. ಹಳೆಯ ತೀರ್ಪುಗಳನ್ನು ಬದಲಿಸಿರೆಂಬ ಕೋರಿಕೆಯನ್ನು ಏಳು ಮಂದಿಯ ಪೀಠ ತಳ್ಳಿಹಾಕಿತು. ಮುಖ್ಯ ನ್ಯಾಯಾಧೀಶ ಗಜೇಂದ್ರಗಡ್ಕರ್ ಅವರು ಅಲ್ಲಿ ಹೇಳಿದುದರ ಸಾರವಿಷ್ಟು: ಇನ್ನೊಂದು ಅಭಿಪ್ರಾಯವೂ ಸಾಧ್ಯ, ಅದೇ ಹೆಚ್ಚು ಸರಿಯೆಂದು ತೋರುತ್ತದೆ ಎಂಬಷ್ಟರಿಂದ ಹಳೆಯದನ್ನು ಕೀಳಬಾರದು. ಹಿಂದಿನವರು ಯಾವುದಾದರೂ ಮುಖ್ಯ ಅಂಶವನ್ನೋ ಕಾಯಿದೆಯ ಮಾತನ್ನೋ ಗಮನಿಸದೆ ಬಿಟ್ಟಿದ್ದರೆ? ಆ ತೀರ್ಪು ಒಮ್ಮತದ್ದೋ, ಒಡಕಿನದೋ? ಆಮೇಲೆ ಅದನ್ನು ಇತರ ಪೀಠಗಳೂ ಹೈಕೋರ್ಟುಗಳೂ ಅನುಸರಿಸುತ್ತ ಬಂದಿವೆಯೋ? ಬದಲಿಸಿದರೆ ಸಾರ್ವಜನಿಕರಿಗೆ ತೊಂದರೆಯೆಷ್ಟು? ಇವನ್ನೆಲ್ಲ ತೂಗಿ, ಸಾರ್ವಜನಿಕ ಹಿತಕ್ಕೆ ಬೇಕೇಬೇಕೆನಿಸಿದಾಗ ಮಾತ್ರ ಕೈಹಾಕತಕ್ಕುದು.

ಕೇಳುವುದಕ್ಕೆ ಬಹಳ ಸೊಗಸಾಗಿದೆ. ಆದರೆ ನಮ್ಮ ತಂದೆಯವರ ಕಾಯಿದೆಯ ವಿಷಯದಲ್ಲಿ ಈ ಎಚ್ಚರಿಕೆ ಹೇಗೆ ನಡೆಯಿತೆಂಬುದನ್ನು ನೋಡಬೇಕು. ‘ಕೈಗಾರಿಕೆ’ ಎಂಬ ಒಂದು ಪದಕ್ಕೆ ಸುಪ್ರೀಂ ಕೋರ್ಟಿನಲ್ಲಿ ಆದ ಅವಸ್ಥೆಯನ್ನು ನಾನು ಓದುತ್ತ ಹೋದಂತೆ, ಗೋಡೆಗಡಿಯಾರದ ಲೋಲಕವನ್ನು ನೋಡುತ್ತಿರುವಂತೆ ನನಗೆ ತೋರಿತು.

ಕಾಯಿದೆಯಲ್ಲಿದ್ದ ಅರ್ಥವಿವರಣೆ ಬಹು ವಿಶಾಲವಾದದ್ದು: ವ್ಯಾಪಾರ, ಉದ್ಯಮ, ತಯಾರಿಕೆ, ಕಸುಬು, ಸೇವೆ, ಉದ್ಯೋಗ ಎಲ್ಲವೂ ಅದರೊಳಗೆ ಸೇರುತ್ತವೆ. ೧೯೫೨ರಲ್ಲಿಯೇ ಬಂಗಾಳದ ಬಜ್‌ಬಜ್ ಪುರಸಭೆಯ ನೌಕರರ ವಿವಾದವು ಈ ಕಾಯಿದೆಗೆ ಒಳಪಡುತ್ತದೆಂದು ಕೋರ್ಟು ಹೇಳಿತು. ೧೯೬೦ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಗಳ ವಾರ್ಡುಗಳಲ್ಲಿ ಕೆಲಸ ಮಾಡುತ್ತಿದ್ದವರನ್ನು ಪರಿಹಾರವಿಲ್ಲದೆ ತೆಗೆದುಹಾಕಿದಾಗ, ಆಸ್ಪತ್ರೆಯೂ ಕೈಗಾರಿಕೆಯೇ ಎಂದಿತು. ಲಾಭದ ಆಸೆಯಿಲ್ಲವೆಂಬುದು ಮುಖ್ಯವಲ್ಲ, ಮಾಲೀಕನೂ ನೌಕರನೂ ಕೂಡಿ ಜನರಿಗೆ ಬೇಕಾದ ಸೇವೆಯನ್ನು ವ್ಯವಸ್ಥಿತವಾಗಿ ಒದಗಿಸುತ್ತಾರೆಯೇ ಎಂಬುದು ಮುಖ್ಯ. ಇದನ್ನು ಬರೆದವರೂ ಗಜೇಂದ್ರಗಡ್ಕರ್ ಅವರೇ. ಎರಡು ವರ್ಷಗಳ ಮೇಲೆ ೧೯೬೨ರಲ್ಲಿ, ಸಾಲಿಸಿಟರ್ ವಕೀಲರ ಸಂಸ್ಥೆಯ ಗುಮಾಸ್ತರು ಬಂದಾಗ, ಅದು ಕೈಗಾರಿಕೆಯಲ್ಲವೆಂದು ಅವರೇ ತೀರ್ಮಾನಿಸಿದರು.

೧೯೬೩ರಲ್ಲಿ ಬಂದುದು ದೆಹಲಿ ವಿಶ್ವವಿದ್ಯಾನಿಲಯ ಮತ್ತು ರಾಮನಾಥ್ ಎಂಬ ಮೊಕದ್ದಮೆ. ನಾನು ಇದನ್ನು ಓದುವಾಗ ಪುಸ್ತಕವನ್ನು ಎರಡು ಸಲ ಕೆಳಗಿಟ್ಟೆ. ವಿದ್ಯಾರ್ಥಿನಿಯರನ್ನು ಕರೆದೊಯ್ಯುತ್ತಿದ್ದ ಬಸ್ಸಿನ ಚಾಲಕರಿಬ್ಬರು. ಬಸ್ಸಿನಿಂದ ನಷ್ಟವೆಂದು ವಿಶ್ವವಿದ್ಯಾನಿಲಯವು ಅದನ್ನು ನಿಲ್ಲಿಸಿ ಅವರನ್ನು ಮನೆಗೆ ಕಳುಹಿಸಿತು. ನಮ್ಮ ಮನೆಯ ಕಥೆಗೂ ಅದಕ್ಕೂ ಊರಿನ ಹೆಸರೊಂದೇ ವ್ಯತ್ಯಾಸ. ಕೋರ್ಟಿನ ತರ್ಕ ಹೀಗೆ ಹೋಗುತ್ತದೆ: ವಿಶ್ವವಿದ್ಯಾನಿಲಯದ ಮುಖ್ಯ ಕಾರ್ಯ ವಿದ್ಯಾದಾನ. ಅದನ್ನು ನಡೆಸುವ ಅಧ್ಯಾಪಕರು ಈ ಕಾಯಿದೆಯ ಅರ್ಥದಲ್ಲಿ ‘ಕೆಲಸಗಾರ’ರಲ್ಲ. ಚಾಲಕ, ಜವಾನ, ಗುಮಾಸ್ತರ ಕೆಲಸ ಆ ಮುಖ್ಯ ಕಾರ್ಯಕ್ಕೆ ತೀರ ಗೌಣವಾದದ್ದು. ಆದುದರಿಂದ ಇಡಿಯ ಸಂಸ್ಥೆಯೇ ಕೈಗಾರಿಕೆಯಲ್ಲ. ವಿದ್ಯೆಗೆ ಇಷ್ಟು ಗೌರವ ಕೊಟ್ಟ ತೀರ್ಪನ್ನು ಕಂಡು ಅಧ್ಯಾಪಕರು ಹಿಗ್ಗಬಹುದು. ನನಗೆ ಮಾತ್ರ, ಗುರುವಿನ ದೊಡ್ಡಸ್ತಿಕೆಗೆ ಚಾಲಕನು ದಂಡ ತೆತ್ತಂತೆ ಕಾಣಿಸಿತು.

ಆಮೇಲೆ ಲೋಲಕ ಇನ್ನೂ ಜೋರಾಗಿ ತೂಗಿತು. ೧೯೬೭ರಲ್ಲಿ ಮದರಾಸಿನ ಜಿಮ್‌ಖಾನಾ ಕ್ಲಬ್ಬು ಹೊರಗಾಯಿತು. ೧೯೭೦ರಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯ ಮೊಕದ್ದಮೆಯಲ್ಲಿ ಹಿದಾಯತುಲ್ಲಾ ಅವರ ನೇತೃತ್ವದ ಆರು ಮಂದಿಯ ಪೀಠವು ೧೯೬೦ರ ಮುಂಬಯಿ ಆಸ್ಪತ್ರೆಯ ತೀರ್ಪನ್ನೇ ಕಿತ್ತುಹಾಕಿತು, ಆಸ್ಪತ್ರೆ ಕೈಗಾರಿಕೆಯಲ್ಲ! ಹತ್ತು ವರ್ಷ ಆಸ್ಪತ್ರೆಯ ನೆಲ ಸಾರಿಸುವವಳಿಗೂ ಕಾಯಿದೆಯ ರಕ್ಷಣೆಯುಂಟೆಂದು ದೇಶವೆಲ್ಲ ನಂಬಿತ್ತು. ಒಂದು ಬೆಳಿಗ್ಗೆ ಅದು ಇಲ್ಲವಾಯಿತು. ಪಾರ್ಲಿಮೆಂಟಿಗೆ ೧೯೬೦ರ ತೀರ್ಪು ಹಿಡಿಸದಿದ್ದಲ್ಲಿ ಅರ್ಥವಿವರಣೆಗೆ ಒಂದು ಸಾಲು ಸೇರಿಸಿ ತಿದ್ದಬಹುದಾಗಿತ್ತು. ಹತ್ತು ವರ್ಷ ಅದು ತಿದ್ದಲಿಲ್ಲ. ಐದು ವರ್ಷಗಳ ಹಿಂದೆಯಷ್ಟೇ ಕೇಶವ ಮಿಲ್ಸಿನಲ್ಲಿ ಹೇಳಿದ ಎಚ್ಚರಿಕೆಯ ಮಾತುಗಳು ಇಲ್ಲಿ ಏನಾದವೆಂದು ನನಗೆ ತಿಳಿಯದು. ಬದಲಿಸಬಾರದ ಬದಲಾವಣೆಗೆ ಒಂದು ಉದಾಹರಣೆ ಕೊಡೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಕೊಡುತ್ತೇನೆ.

ಇಂಥ ಹೊತ್ತಿಗೆ ಬೆಂಗಳೂರಿನ ಮೊಕದ್ದಮೆ ಬಂದಿತು. ೧೯೬೪ರಲ್ಲಿ ಸ್ಥಾಪಿತವಾದ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಲಿಯು ಕೆಲವು ನೌಕರರಿಗೆ ಅಶಿಸ್ತಿನ ಕಾರಣ ಹೇಳಿ ಜುಲ್ಮಾನೆ ಹಾಕಿ ಸಂಬಳದಿಂದ ಮುರಿದುಕೊಂಡಿತ್ತು. ತಮ್ಮ ಅಹವಾಲನ್ನು ಕೇಳದೆ ಹಾಕಿದ ದಂಡವಿದು, ಹಣವನ್ನು ಕೊಡಿಸಿರೆಂದು ಅವರು ೧೯೭೨ರಲ್ಲಿ ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ತಾನು ಕಾನೂನಿನಿಂದ ಹುಟ್ಟಿ ಪ್ರಜೆಗಳಿಗೆ ನೀರು ಕೊಡುವ ಸಂಸ್ಥೆ, ಕೈಗಾರಿಕೆಯಲ್ಲವೆಂದು ಮಂಡಲಿ ವಾದಿಸಿತು. ನಮ್ಮ ಹೈಕೋರ್ಟು ಒಪ್ಪಲಿಲ್ಲ. ಜುಲ್ಮಾನೆಯ ಈ ಪುಟ್ಟ ಮೊತ್ತಗಳು ಹೀಗೆ ದೆಹಲಿಗೆ ಪ್ರಯಾಣ ಮಾಡಿ ಏಳು ಮಂದಿ ನ್ಯಾಯಾಧೀಶರ ಮುಂದೆ ಕುಳಿತವು.

೧೯೭೮ರ ಫೆಬ್ರವರಿ ೨೧ರಂದು ತೀರ್ಪು ಹೊರಬಿದ್ದಿತು. ಮುಖ್ಯ ತೀರ್ಪನ್ನು ಬರೆದವರು ಕೃಷ್ಣ ಅಯ್ಯರ್. ಇಬ್ಬರು ಪೂರ್ತಿಯಾಗಿ ಒಪ್ಪಲಿಲ್ಲ. ೧೯೬೦ರ ಆಸ್ಪತ್ರೆಯ ತೀರ್ಪು ಮತ್ತೆ ಜೀವತಳೆಯಿತು. ಸಾಲಿಸಿಟರರದು, ದೆಹಲಿ ವಿಶ್ವವಿದ್ಯಾನಿಲಯದ್ದು, ಜಿಮ್‌ಖಾನಾ ಕ್ಲಬ್ಬಿನದು, ಸಫ್ದರ್‌ಜಂಗಿನದು ಒಂದೇ ಏಟಿಗೆ ಬಿದ್ದುಹೋದವು. ವ್ಯವಸ್ಥಿತವಾದ ಚಟುವಟಿಕೆ, ಮಾಲೀಕ ನೌಕರರ ಸಹಕಾರ, ಮನುಷ್ಯರ ಬೇಕುಗಳನ್ನು ಪೂರೈಸುವ ಸರಕು ಅಥವಾ ಸೇವೆ: ಈ ಮೂರು ಕೂಡಿದರೆ ಅದು ಕೈಗಾರಿಕೆ; ಲಾಭವಿರಲಿ, ಇಲ್ಲದಿರಲಿ. ಬರಿಯ ಆಧ್ಯಾತ್ಮಿಕ ಸೇವೆ ಇದರಲ್ಲಿ ಸೇರದಾದರೂ, ದೊಡ್ಡ ಪ್ರಮಾಣದಲ್ಲಿ ಪ್ರಸಾದ ತಯಾರಿಸಿ ಹಂಚುವುದು ಸೇರಬಹುದು! ಸಾರ್ವಭೌಮ ಸರ್ಕಾರ ಮಾತ್ರ ಮಾಡಬಲ್ಲ ಕಾರ್ಯಗಳನ್ನೂ, ಒಬ್ಬಿಬ್ಬರು ಸಹಾಯಕರನ್ನಿಟ್ಟುಕೊಂಡ ವಕೀಲ ವೈದ್ಯರಂಥವರನ್ನೂ ಹೊರಗಿಟ್ಟರು. ಅಧ್ಯಾಪಕರು ಕೆಲಸಗಾರರಲ್ಲದಿದ್ದರೇನಂತೆ, ವಿಶ್ವವಿದ್ಯಾನಿಲಯದಲ್ಲಿ ಬೇರೆ ನೂರಾರು ಮಂದಿ ದುಡಿಯುವವರಿದ್ದಾರಲ್ಲವೆ ಎಂಬುದು ರಾಮನಾಥ್ ತೀರ್ಪಿಗೆ ಕೊಟ್ಟ ಉತ್ತರದ ತಿರುಳು. (ನಮ್ಮ ಅಧ್ಯಾಪಕರು ಈ ಮಾತಿನಿಂದ ಆಸೆಪಡುವುದು ಬೇಡ, ಶಾಲೆಯ ಶಿಕ್ಷಕರು ಕೆಲಸಗಾರರಲ್ಲವೆಂದು ೧೯೮೮ರಲ್ಲಿ ಸುಪ್ರೀಂ ಕೋರ್ಟು ಮತ್ತೊಮ್ಮೆ ಸ್ಪಷ್ಟಪಡಿಸಿತು.)

ಇಲ್ಲಿ ಜಾಣ ವಾಚಕರು ನನ್ನನ್ನು ಹಿಡಿದು ನಿಲ್ಲಿಸಬಹುದು: ‘೧೯೭೦ರಲ್ಲಿ ಬದಲಿಸಿದ್ದು ತಪ್ಪಾದರೆ ೧೯೭೮ರಲ್ಲಿ ಬದಲಿಸಿದ್ದು ಹೇಗೆ ಸರಿ? ನಿನ್ನ ತಂದೆಗೆ ಲಾಭವಾಯಿತೆಂದೇ?’ ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯೆಂದು ಹೇಳಿಕೊಳ್ಳಲಾರೆ. ಆದರೂ ಒಂದು ಮಾತುಂಟು. ಹಳೆಯ ತೀರ್ಪಿಗೆ ಗೌರವ ಸಲ್ಲುವುದು ಅದು ನೆಲೆನಿಂತು ಜನ ಅದನ್ನು ಆಸರೆ ಮಾಡಿಕೊಂಡಿದ್ದಾಗ. ೧೯೭೮ರ ಹೊತ್ತಿಗೆ ‘ಕೈಗಾರಿಕೆ’ಯ ವಿಷಯದಲ್ಲಿ ಆಸರೆಗೆ ಕಂಬವೇ ಇರಲಿಲ್ಲ, ಆಸ್ಪತ್ರೆ ಒಳಗೆ, ಆಸ್ಪತ್ರೆ ಹೊರಗೆ, ಪುರಸಭೆ ಒಳಗೆ, ಕ್ಲಬ್ಬು ಹೊರಗೆ. ಒಂದಕ್ಕೊಂದು ಹೊಂದದ ಹತ್ತು ತೀರ್ಪುಗಳನ್ನು ಎದುರಿಗಿಟ್ಟುಕೊಂಡಾಗ ಯಾವುದಕ್ಕೆ ನಿಷ್ಠೆ ತೋರಿಸುವುದು? ಅಲ್ಲಿ ದೊಡ್ಡ ಪೀಠವೊಂದು ಕುಳಿತು ಎಲ್ಲವನ್ನೂ ಹೆಸರು ಹಿಡಿದು ಕರೆದು, ಇದು ಉಳಿಯಿತು, ಇದು ಹೋಯಿತು ಎಂದು ತೀರಿಸುವುದೇ ಸ್ಥಿರತೆಯ ಕೆಲಸ.

ಆ ಸ್ಥಿರತೆಯನ್ನಾದರೂ ಉಳಿಸಿಕೊಂಡರೆ? ೧೯೮೨ರಲ್ಲಿ ಪಾರ್ಲಿಮೆಂಟು ಕಾಯಿದೆಯನ್ನು ತಿದ್ದಿ ಆಸ್ಪತ್ರೆ, ವಿದ್ಯಾಸಂಸ್ಥೆಗಳನ್ನು ಕೈಗಾರಿಕೆಯಿಂದ ಹೊರಗಿಟ್ಟಿತು. ಆದರೆ ಅರ್ಥವಿವರಣೆಯ ಆ ಭಾಗವನ್ನು ಯಾವ ಸರ್ಕಾರವೂ ಜಾರಿಗೆ ತರಲೇ ಇಲ್ಲ. ೨೦೦೫ರಲ್ಲಿ ಉತ್ತರ ಪ್ರದೇಶದ ಮೊಕದ್ದಮೆಯೊಂದರಲ್ಲಿ ಐದು ಮಂದಿಯ ಪೀಠವು ಬೆಂಗಳೂರಿನ ತೀರ್ಪನ್ನು ಮರುವಿಮರ್ಶೆ ಮಾಡಬೇಕೆಂದಿತು. ೨೦೧೭ರ ಜನವರಿ ೨ರಂದು ಏಳು ಮಂದಿಯ ಪೀಠವು ಅದನ್ನು ಒಂಬತ್ತು ಮಂದಿಗೆ ಒಪ್ಪಿಸಬೇಕೆಂದಿತು. ಪಾರ್ಲಿಮೆಂಟೇ ತಿದ್ದುಪಡಿ ಮಾಡಿರುವುದು ೨೦೦೫ರ ಪೀಠಕ್ಕೆ ಒಂದು ಕಾರಣವಾಗಿ ತೋರಿತು. ನನಗೆ ಅದು ವಿರುದ್ಧದ ಕಾರಣವಾಗಿ ತೋರುತ್ತದೆ. ತಿದ್ದುವ ಕೈ ಇದ್ದು, ತಿದ್ದುಪಡಿಯೂ ಸಿದ್ಧವಾಗಿದ್ದು, ಅದನ್ನು ದಶಕಗಳ ಕಾಲ ಪೆಟ್ಟಿಗೆಯಲ್ಲಿಟ್ಟವರು ಕೋರ್ಟಿನ ಕೈಯ್ಯಲ್ಲಿ ಆ ಕೆಲಸವನ್ನು ಮಾಡಿಸಿಕೊಳ್ಳಬಾರದು.

ಹಾಗೆಂದು ‘ಪಾರ್ಲಿಮೆಂಟು ತಿದ್ದಿಕೊಳ್ಳಲಿ’ ಎಂಬ ಉತ್ತರ ಎಲ್ಲ ಕಡೆಗೂ ಸಲ್ಲುವುದಿಲ್ಲ. ತಪ್ಪು ಮಾಡಿದವರು ಸರ್ಕಾರದವರೇ ಆಗಿದ್ದು, ಅವರಿಂದ ರಕ್ಷಣೆ ಬೇಡಿ ಪ್ರಜೆಯು ಕೋರ್ಟಿಗೆ ಬಂದಿರುವಾಗ, ಅವರ ಬಳಿಗೇ ಹೋಗೆನ್ನುವುದು ನ್ಯಾಯವಾದೀತೆ? ಇದಕ್ಕೆ ಉದಾಹರಣೆಯೂ ಬೆಂಗಳೂರನ್ನು ಮುಟ್ಟಿಯೇ ಹೋಗುತ್ತದೆ. ೧೯೭೫ರ ಜೂನ್ ತಿಂಗಳಿನಲ್ಲಿ ತುರ್ತುಪರಿಸ್ಥಿತಿ ಬಂದಾಗ ಪಾರ್ಲಿಮೆಂಟಿನ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಮೊದಲಾದವರು ಇಲ್ಲಿಯೇ ಬಂಧಿತರಾಗಿ ನಮ್ಮ ಹೈಕೋರ್ಟಿಗೆ ಅರ್ಜಿ ಹಾಕಿಕೊಂಡರು. ಇಂಥ ಅರ್ಜಿಗಳನ್ನು ವಿಚಾರಿಸಬಹುದೆಂದು ಕರ್ನಾಟಕದ್ದೂ ಸೇರಿ ಹಲವು ಹೈಕೋರ್ಟುಗಳು ಹೇಳಿದವು. ೧೯೭೬ರ ಏಪ್ರಿಲ್ ೨೮ರಂದು ಸುಪ್ರೀಂ ಕೋರ್ಟು, ಜಬಲ್ಪುರದ ಮೊಕದ್ದಮೆಯೆಂದು ಹೆಸರಾದ ತೀರ್ಪಿನಲ್ಲಿ, ನಾಲ್ಕಕ್ಕೆ ಒಂದರಂತೆ, ಹಾಗೆ ವಿಚಾರಿಸಕೂಡದೆಂದಿತು. ಒಪ್ಪದ ಒಬ್ಬರು ಖನ್ನಾ ಅವರು; ಮರುವರ್ಷ ಅವರನ್ನು ದಾಟಿ ಅವರಿಗಿಂತ ಕಿರಿಯರಾದ ಬೇಗ್ ಅವರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದರು. ಈ ಬಹುಮತದಲ್ಲಿದ್ದ ಬೇಗ್, ಚಂದ್ರಚೂಡ್, ಭಗವತಿ ಮೂವರೂ ನೀರಿನ ಬೋರ್ಡಿನ ಪೀಠದಲ್ಲೂ ಇದ್ದರೆಂಬುದನ್ನು ಕಂಡಾಗ ನನಗೆ ಆಶ್ಚರ್ಯವಾಯಿತು.

ಜಬಲ್ಪುರದ ತೀರ್ಪನ್ನು ನೆಚ್ಚಿ ಯಾರೂ ಹೊಲ ಮಾರಿರಲಿಲ್ಲ, ಕರಾರು ಬರೆದಿರಲಿಲ್ಲ. ಅದನ್ನು ನೆಚ್ಚಿದ್ದವರು ಬೀಗದ ಕೈ ಹಿಡಿದವರು ಮಾತ್ರ. ಆದುದರಿಂದ ಅದನ್ನು ಕಿತ್ತರೆ ನೋಯುವವರು ಯಾರೂ ಇರಲಿಲ್ಲ. ೧೯೭೮ರ ೪೪ನೆಯ ತಿದ್ದುಪಡಿಯಿಂದ ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ತುರ್ತುಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡದಂತೆ ಆಯಿತಾದರೂ, ತೀರ್ಪು ಪುಸ್ತಕದಲ್ಲಿ ಹಾಗೆಯೇ ಉಳಿಯಿತು. ಅದನ್ನು ಹೊಡೆದುಹಾಕಿದ್ದು ೨೦೧೭ರ ಆಗಸ್ಟ್ ೨೪ರಂದು, ಖಾಸಗಿತನದ ಹಕ್ಕಿನ ಮೊಕದ್ದಮೆಯಲ್ಲಿ. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಶ್ರೀ ಕೆ. ಎಸ್. ಪುಟ್ಟಸ್ವಾಮಿಯವರು, ೨೦೧೨ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿದ್ದರು. ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆನ್ನಲು ಸರ್ಕಾರ ೧೯೫೪ರ ಎಂಟು ಮಂದಿಯ ಪೀಠದ ಮಾತನ್ನೂ, ಅರುವತ್ತರ ದಶಕದ ಆರು ಮಂದಿಯ ಪೀಠದ ಮಾತನ್ನೂ ಮುಂದಿಟ್ಟಿತು. ಎಂಟನ್ನು ಮೀರಲು ಒಂಬತ್ತು ಬೇಕು. ಒಂಬತ್ತು ಮಂದಿ ಕುಳಿತರು, ಒಮ್ಮತದಿಂದ ಹಕ್ಕುಂಟೆಂದರು. ಜಬಲ್ಪುರದ ತೀರ್ಪಿನಲ್ಲಿ ತಂದೆ ಚಂದ್ರಚೂಡರು ಬರೆದುದನ್ನು ಮಗ ಚಂದ್ರಚೂಡರು ತಪ್ಪೆಂದು ಬರೆದರು. ೪೧ ವರ್ಷ ತಡವಾಯಿತು. ಆದರೂ ಇಲ್ಲಿ ಬದಲಿಸಬೇಕಾಗಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ.

ಈ ಎಂಟಕ್ಕೆ ಒಂಬತ್ತು ಎಂಬ ಲೆಕ್ಕವನ್ನು ಕಂಡು ನನ್ನ ಗೆಳೆಯನೊಬ್ಬನು, “ಇದೇನೋ, ಪಂಚಾಯಿತಿ ಚುನಾವಣೆಯೇ?” ಎಂದು ಕೇಳಿದ. ಚಿಕ್ಕ ಪೀಠವು ದೊಡ್ಡ ಪೀಠದ ಮಾತನ್ನು ಮೀರಲಾರದು. ಒಪ್ಪಿಗೆಯಾಗದಿದ್ದರೆ ದೊಡ್ಡ ಪೀಠಕ್ಕೆ ಕಳುಹಿಸಬೇಕೆಂದು ಕೇಳಿಕೊಳ್ಳಬಹುದು, ಅಷ್ಟೆ. ಈ ನಿಯಮವಿಲ್ಲದಿದ್ದರೆ ಇಬ್ಬರು ನ್ಯಾಯಾಧೀಶರು ಒಂದು ಮಧ್ಯಾಹ್ನ ಕುಳಿತು ಇಡಿಯ ಕಾನೂನನ್ನು ತಿರುಗಿಸಿಬಿಡಬಹುದು. ಆದರೂ ಗೆಳೆಯನ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಮೂಲಭೂತ ಹಕ್ಕುಗಳನ್ನು ಪಾರ್ಲಿಮೆಂಟು ಮೊಟಕುಮಾಡಕೂಡದೆಂದು ೧೯೬೭ರಲ್ಲಿ ಗೋಲಕನಾಥ್ ಮೊಕದ್ದಮೆಯಲ್ಲಿ ಹೇಳಿದುದು ಐದಕ್ಕೆ ಆರರ ಬಹುಮತ. ಅದನ್ನು ತೆಗೆದು, ತಿದ್ದಬಹುದು, ಆದರೆ ಸಂವಿಧಾನದ ಮೂಲ ರಚನೆಯನ್ನು ಕೆಡಿಸಕೂಡದೆಂದು ೧೯೭೩ರಲ್ಲಿ ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯಲ್ಲಿ ಹೇಳಿದುದು ಆರಕ್ಕೆ ಏಳರ ಬಹುಮತ. ಎರಡು ಸಲವೂ ಒಂದೇ ತಲೆಯ ಅಂತರ.

ಬದಲಿಸುವುದಾದರೂ ಹೇಗೆ ಬದಲಿಸಬೇಕೆಂಬ ಪ್ರಶ್ನೆ ಉಳಿಯಿತು. ಗೋಲಕನಾಥ್ ತೀರ್ಪಿನಲ್ಲಿ ಮುಖ್ಯ ನ್ಯಾಯಾಧೀಶ ಸುಬ್ಬರಾವ್ ಅವರು ಒಂದು ಉಪಾಯವನ್ನು ಕಂಡುಹಿಡಿದರು: ಹೊಸ ಮಾತು ಇನ್ನು ಮುಂದಕ್ಕೆ ಮಾತ್ರ, ಹಿಂದೆ ಆದ ತಿದ್ದುಪಡಿಗಳೂ ಅವುಗಳ ಬಲದಿಂದ ನಡೆದ ಭೂಸುಧಾರಣೆಯೂ ಹಾಗೆಯೇ ಇರಲಿ. ೧೯೫೫ರಲ್ಲಿ ಪಾರ್ಲಿಮೆಂಟಿಗೆ ಬಿದ್ದ ಕೆಲಸವನ್ನು ಇಲ್ಲಿ ಕೋರ್ಟೇ ಮಾಡಿತು. ಆದರೆ ಈ ಉಪಾಯ ಎಲ್ಲ ಕಡೆಗೂ ಒಗ್ಗುವುದಿಲ್ಲ. ಗಣಿಯ ರಾಜಧನವು ತೆರಿಗೆಯೇ ಎಂದು ೧೯೮೯ರಲ್ಲಿ ಏಳು ಮಂದಿ ಹೇಳಿದ್ದರು. ಅಲ್ಲವೆಂದು ೨೦೨೪ರ ಜುಲೈ ೨೫ರಂದು ಎಂಟಕ್ಕೆ ಒಂದರಂತೆ ಒಂಬತ್ತು ಮಂದಿಯ ಪೀಠ ಹೇಳಿತು. (ಆ ಒಬ್ಬರು ಕರ್ನಾಟಕದಿಂದ ಹೋದ ನಾಗರತ್ನ ಅವರು.) ಹಳೆಯ ತೀರ್ಪನ್ನು ನಂಬಿದ್ದ ಗಣಿ ಕಂಪನಿಗಳು ಮುಂದಕ್ಕೆ ಮಾತ್ರ ಅನ್ವಯಿಸಿರೆಂದು ಬೇಡಿದವು, ೩೫ ವರ್ಷ ಆದಾಯ ಕಳೆದುಕೊಂಡ ರಾಜ್ಯಗಳು ಹಿಂದಕ್ಕೂ ಬೇಕೆಂದವು. ಆಗಸ್ಟ್ ೧೪ರಂದು ಕೋರ್ಟು ನಡುದಾರಿ ಹಿಡಿಯಿತು: ೨೦೦೫ರ ಏಪ್ರಿಲ್ ೧ರಿಂದ ಈಚಿನದನ್ನು ಮಾತ್ರ ಕೇಳಬಹುದು, ಅದನ್ನೂ ೨೦೨೬ರ ಏಪ್ರಿಲ್ ೧ರಿಂದ ೧೨ ವರ್ಷಗಳ ಕಂತಿನಲ್ಲಿ, ಹಳೆಯ ಬಾಕಿಗೆ ಬಡ್ಡಿ ದಂಡಗಳಿಲ್ಲದೆ. ನಮ್ಮೂರಿನ ಸಹಕಾರ ಸಂಘದವರು ಸಾಲ ತೀರಿಸಲು ಕಂತು ಕಟ್ಟಿಕೊಟ್ಟಂತೆಯೇ ಇದೆ. ಇದನ್ನು ನೋಡಿ ಕೆಲವರು ಇದು ನ್ಯಾಯವೋ ಚೌಕಾಸಿಯೋ ಎಂದಾರು. ಹಳೆಯ ಮಾತನ್ನು ನಂಬಿದವರು ಮೂರ್ಖರಲ್ಲವೆಂಬುದನ್ನು ಮರೆಯದ ನಡತೆಯೆಂದು ನಾನು ಇದನ್ನು ಮೆಚ್ಚುತ್ತೇನೆ.

ಆದುದರಿಂದ ಹಳೆಯ ತೀರ್ಪು ತಪ್ಪೇ ಒಪ್ಪೇ ಎಂಬ ಪ್ರಶ್ನೆಯೊಂದೇ ನನಗೆ ಸಾಲದೆನಿಸುತ್ತದೆ. ಅದನ್ನು ಆಸರೆ ಮಾಡಿಕೊಂಡು ನಿಂತಿರುವವರು ಯಾರು, ಅದರ ಅಡಿಯಲ್ಲಿ ಸಿಕ್ಕಿ ನಲುಗುತ್ತಿರುವವರು ಯಾರು, ಅವರಿಗೆ ಹೋಗಲು ಬೇರೆ ಬಾಗಿಲು ಉಂಟೇ ಎಂಬುದನ್ನು ಕೇಳಬೇಕು. ಮಾರಾಟ ತೆರಿಗೆಯಲ್ಲಿ ಎರಡು ಕಡೆಯವರಿಗೂ ಪಾರ್ಲಿಮೆಂಟಿನ ಬಾಗಿಲು ತೆರೆದಿತ್ತು. ಸೆರೆಮನೆಯಲ್ಲಿದ್ದವನಿಗೆ ಯಾವ ಬಾಗಿಲೂ ಇರಲಿಲ್ಲ. ವಾರ್ಡಿನ ಆಯಾ, ಬಸ್ಸಿನ ಚಾಲಕ ಇವರ ಪಾಡು ಇವೆರಡರ ನಡುವಣದು. ಬಾಗಿಲೇನೋ ಉಂಟು, ಅದನ್ನು ತಟ್ಟುವ ಶಕ್ತಿ ಅವರ ಕೈಗಿಲ್ಲ.

ಈಚೆಗೆ ಆ ೧೯೪೭ರ ಕಾಯಿದೆಯೂ ಹೋಯಿತು. ಅದರ ಬದಲು ೨೦೨೦ರ ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ತಂದರು. ಅದರಲ್ಲಿ ‘ಕೈಗಾರಿಕೆ’ಯ ಅರ್ಥವನ್ನು ಓದಿದರೆ ೧೯೭೮ರ ಬೆಂಗಳೂರು ತೀರ್ಪಿನ ಮಾತುಗಳೇ ಹೆಚ್ಚುಕಡಿಮೆ ಹಾಗೆಯೇ ಕಾಯಿದೆಯೊಳಕ್ಕೆ ಬಂದು ಕುಳಿತಿವೆ. ಜೊತೆಗೆ, ಧರ್ಮಾರ್ಥ ಅಥವಾ ಸಮಾಜಸೇವೆಯಲ್ಲಿ ಪೂರ್ಣವಾಗಿಯೋ ಬಹುಪಾಲೋ ತೊಡಗಿರುವವರು ನಡೆಸುವ ಸಂಸ್ಥೆಗಳನ್ನು ಹೊರಗಿಟ್ಟಿದೆ.

ಇದನ್ನು ನಾನು ಮೊನ್ನೆ ರಾತ್ರಿ ಊಟದ ಹೊತ್ತಿನಲ್ಲಿ ತಂದೆಯವರಿಗೆ ಓದಿ ಹೇಳಿದೆ. ಅವರು ಈಗ ಇನ್ನೊಂದು ಶಾಲೆಯ ಬಸ್ಸನ್ನು ನಡೆಸುತ್ತಿದ್ದಾರೆ. ಅದೂ ಒಂದು ಟ್ರಸ್ಟಿನದೇ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಫೀಜು ತಗೊಂಡು ಪಾಠ ಹೇಳೋದು ಧರ್ಮಾರ್ಥವೇನಪ್ಪ ಮಗಾ?” ಎಂದು ಕೇಳಿದರು. ಕೋರ್ಟು ಹೇಳಬೇಕು ಎಂದೆ. “ಹೇಳಿದ ಮೇಲೆ ಆ ಮಾತು ಎಷ್ಟು ದಿನ ಇರುತ್ತೆ?” ಎಂದರು.